ಸ್ಪ್ರಿಂಕ್ಲರ್ ಮತ್ತು ಫೈರ್ ಅಲಾರ್ಮ್ ಗುತ್ತಿಗೆದಾರರ ಪರವಾನಗಿ: ಯಾವುದನ್ನು ಮೊದಲು ನಿರ್ಧರಿಸಬೇಕು, ಯಾವುದನ್ನು ಆಮೇಲೆ

ಮನೆಯ ನಲ್ಲಿ ಸೋರಿದರೆ ಅದೇ ದಿನ ಗೊತ್ತಾಗುತ್ತದೆ. ಬೆಂಕಿ ಬಿದ್ದಾಗ ತಾನಾಗಿ ನೀರು ಚಿಮ್ಮಿಸುವ ಸ್ಪ್ರಿಂಕ್ಲರಿನ ಪೈಪಿನ ವ್ಯಾಸ ಲೆಕ್ಕಕ್ಕಿಂತ ಒಂದು ಅಳತೆ ಕಡಿಮೆಯಾಗಿದ್ದರೆ, ಅಥವಾ ಅಲಾರ್ಮ್ ಪ್ಯಾನೆಲಿನ ಬ್ಯಾಟರಿ ಬೇಕಾದಷ್ಟು ಹೊತ್ತು ತಾಳದಿದ್ದರೆ, ಬೆಂಕಿ ಬೀಳುವವರೆಗೆ ಅದು ಯಾರ ಕಣ್ಣಿಗೂ ಬೀಳದೆ ಉಳಿಯಬಹುದು. ಹಣ ಕೊಟ್ಟವರು ತಾವೇ ಪರೀಕ್ಷಿಸಿ ನೋಡಲಾಗದ ಕೆಲಸ ಇದಾದ್ದರಿಂದಲೇ ಅನೇಕ ಸರ್ಕಾರಗಳು ಇದನ್ನು ಸಾಮಾನ್ಯ ಪ್ಲಂಬಿಂಗ್ ಮತ್ತು ವೈರಿಂಗ್ ಕೆಲಸಗಳಿಂದ ಬೇರ್ಪಡಿಸಿ, ಇದಕ್ಕೆಂದೇ ಪ್ರತ್ಯೇಕ ಪರವಾನಗಿಯನ್ನು ಕಡ್ಡಾಯಗೊಳಿಸಿವೆ. ಈ ಕ್ಷೇತ್ರದಲ್ಲಿ ಸ್ವಂತ ಸಂಸ್ಥೆ ಆರಂಭಿಸಬೇಕೆಂದಿರುವವರು ಸಾಮಾನ್ಯವಾಗಿ ಅರ್ಜಿ ನಮೂನೆಯಿಂದ ಶುರು ಮಾಡುತ್ತಾರೆ. ಅದು ಹಿಂದುಮುಂದಾದ ಕ್ರಮ. ಯಾವ ಕೆಲಸಕ್ಕೆ ಪರವಾನಗಿ ಬೇಕು ಮತ್ತು ಅದು ಯಾರ ಅರ್ಹತೆಯ ಮೇಲೆ ನಿಲ್ಲುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆ ಉಳಿದದ್ದೆಲ್ಲ ಹೆಚ್ಚುಕಡಿಮೆ ಕಾಗದಪತ್ರದ ಕೆಲಸ. ಆ ಎರಡಕ್ಕೆ ಉತ್ತರವಿಲ್ಲದೆ ತುಂಬಿದ ಅರ್ಜಿ ಮಾತ್ರ ಎಷ್ಟು ಅಚ್ಚುಕಟ್ಟಾಗಿದ್ದರೂ ಹಿಂದಿರುಗಿ ಬರುತ್ತದೆ.

ನಿಯಮಗಳು ದೇಶದಿಂದ ದೇಶಕ್ಕೆ, ಅಮೆರಿಕದಲ್ಲಾದರೆ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತವೆ. ಅಲ್ಲಿ ಈ ಕೆಲಸಕ್ಕೆ ಇಡೀ ದೇಶಕ್ಕೆ ಅನ್ವಯವಾಗುವ ಗುತ್ತಿಗೆದಾರ ಪರವಾನಗಿ ಎಂಬುದಿಲ್ಲ. ಆದರೂ ವ್ಯವಸ್ಥೆಯ ಒಳಕಟ್ಟು ಬಹುತೇಕ ಕಡೆ ಒಂದೇ ರೀತಿ ಇರುವುದರಿಂದ, ಅದನ್ನು ಅರ್ಥ ಮಾಡಿಕೊಂಡವರು ಯಾವ ಊರಿನ ನಿಯಮಪುಸ್ತಕವನ್ನಾದರೂ ಬೇಗ ಓದಿಕೊಳ್ಳಬಲ್ಲರು. ಕೆಳಗಿನ ಉದಾಹರಣೆಗಳನ್ನು ಆ ದೃಷ್ಟಿಯಿಂದ ಆರಿಸಲಾಗಿದೆ. ಅವುಗಳಲ್ಲಿರುವ ಮೊತ್ತ ಮತ್ತು ಅವಧಿಗಳು ತಿದ್ದುಪಡಿಯಾಗುತ್ತಿರುವುದರಿಂದ, ಅರ್ಜಿ ಸಲ್ಲಿಸುವ ದಿನದಂದು ಜಾರಿಯಲ್ಲಿರುವ ನಿಯಮವನ್ನು ಸಂಬಂಧಪಟ್ಟ ಪ್ರಾಧಿಕಾರದಲ್ಲೇ ನೋಡಿಕೊಳ್ಳಬೇಕು.

ಕೆಲಸದ ವ್ಯಾಪ್ತಿಯನ್ನು ಗೆರೆ ಎಳೆದು ಗುರುತಿಸಿಕೊಳ್ಳಿ

ಗ್ರಾಹಕರ ಬಾಯಲ್ಲಿ ಎಲ್ಲವೂ ‘ಫೈರ್ ಸಿಸ್ಟಮ್’ ಆದರೂ ಕಾನೂನಿನ ಕಣ್ಣಿಗೆ ಸ್ಪ್ರಿಂಕ್ಲರ್ ಬೇರೆ, ಅಲಾರ್ಮ್ ಬೇರೆ. ಸ್ಪ್ರಿಂಕ್ಲರ್ ಎಂದರೆ ನೀರು, ಪೈಪು, ವಾಲ್ವು, ಪಂಪು. ಅಲಾರ್ಮ್ ಎಂದರೆ ಡಿಟೆಕ್ಟರು, ಪ್ಯಾನೆಲ್ಲು, ಹೂಟರು ಮತ್ತು ಅವುಗಳ ನಡುವಿನ ತಂತಿ. ಎರಡನ್ನೂ ಒಂದೇ ಸಂಸ್ಥೆ ಮಾಡಬಾರದೆಂದೇನೂ ಇಲ್ಲ, ಆದರೆ ಒಂದರ ಪರವಾನಗಿ ಇನ್ನೊಂದಕ್ಕೆ ಸಾಮಾನ್ಯವಾಗಿ ನಡೆಯುವುದಿಲ್ಲ.

ಇದು ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ಫ್ಲಾರಿಡಾ ಒಳ್ಳೆಯ ಉದಾಹರಣೆ. ಅಲ್ಲಿ ಬೆಂಕಿ ನಂದಿಸುವ ವ್ಯವಸ್ಥೆಗಳ ಗುತ್ತಿಗೆದಾರರಿಗೆ ರಾಜ್ಯದ ಫೈರ್ ಮಾರ್ಷಲ್ ವಿಭಾಗ ಪರವಾನಗಿ ಕೊಡುತ್ತದೆ, ಮತ್ತು ಅದರಲ್ಲಿಯೇ 1ರಿಂದ 5ರವರೆಗೆ ದರ್ಜೆಗಳಿವೆ. ಮೊದಲ ದರ್ಜೆಯವರು ಎಲ್ಲ ಬಗೆಯ ನಂದಿಸುವ ವ್ಯವಸ್ಥೆಗಳನ್ನೂ ಮಾಡಬಹುದು. ಎರಡನೆಯದು ಮುಖ್ಯವಾಗಿ ನೀರಿನ ವ್ಯವಸ್ಥೆಗಳಿಗೆ, ಮೂರನೆಯದು ಇಂಗಾಲದ ಡೈಆಕ್ಸೈಡ್ ಮತ್ತು ರಾಸಾಯನಿಕ ಪುಡಿಯಂಥ ವ್ಯವಸ್ಥೆಗಳಿಗೆ, ನಾಲ್ಕನೆಯದು ಸಣ್ಣ ವಾಸದ ಮನೆಗಳ ಸ್ಪ್ರಿಂಕ್ಲರ್‌ಗಳಿಗೆ, ಐದನೆಯದು ನೆಲದಡಿಯ ಪೈಪುಗಳಿಗೆ ಸೀಮಿತ. ಅಲಾರ್ಮ್ ಕೆಲಸದ ಪರವಾನಗಿಯಾದರೋ ಎಲೆಕ್ಟ್ರಿಕಲ್ ಗುತ್ತಿಗೆದಾರರ ಮಂಡಳಿಯಿಂದ, ಅಂದರೆ ಸಂಪೂರ್ಣ ಬೇರೆಯೇ ಇಲಾಖೆಯಿಂದ ಬರುತ್ತದೆ. ಅದರಲ್ಲಿಯೂ ಎರಡು ದರ್ಜೆಗಳಿದ್ದು, ಮೊದಲನೆಯದು ಫೈರ್ ಅಲಾರ್ಮನ್ನು ಒಳಗೊಳ್ಳುತ್ತದೆ, ಎರಡನೆಯದು ಅದನ್ನು ಬಿಟ್ಟು ಕಳ್ಳತನ ತಡೆಯುವಂಥ ಉಳಿದ ಅಲಾರ್ಮ್‌ಗಳಿಗೆ ಮಾತ್ರ ಅನ್ವಯಿಸುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ಎರಡೂ ಪರವಾನಗಿಗಳು ಒಂದೇ ಗುತ್ತಿಗೆದಾರರ ಮಂಡಳಿಯಿಂದ ಬರುತ್ತವೆ, ಆದರೆ ವರ್ಗ ಬೇರೆ. ಸಿ-16 ಎಂಬ ವರ್ಗ ಅಗ್ನಿರಕ್ಷಣಾ ವ್ಯವಸ್ಥೆಗಳ ನಕ್ಷೆ, ತಯಾರಿಕೆ ಮತ್ತು ಅಳವಡಿಕೆಯನ್ನು ಒಳಗೊಂಡಿದ್ದರೂ, ವಿದ್ಯುತ್ ಅಲಾರ್ಮ್ ವ್ಯವಸ್ಥೆಗಳನ್ನು ಅದರ ವ್ಯಾಖ್ಯೆಯಲ್ಲಿಯೇ ಹೊರಗಿಡಲಾಗಿದೆ. ಅಲಾರ್ಮ್ ಕೆಲಸಕ್ಕೆ ಸಿ-10, ಅಂದರೆ ಎಲೆಕ್ಟ್ರಿಕಲ್ ವರ್ಗ ಬೇಕು. ಸಿಸಿಟಿವಿ, ಟೆಲಿಫೋನ್, ನೆಟ್‌ವರ್ಕ್ ಕೆಲಸ ಮಾಡುವವರು ಇಲ್ಲಿ ಎಡವುವ ಸಾಧ್ಯತೆ ಹೆಚ್ಚು. ಅವರಲ್ಲಿರುವ ಸಿ-7 ಕಡಿಮೆ ವೋಲ್ಟೇಜಿನ ವ್ಯವಸ್ಥೆಗಳ ಪರವಾನಗಿ. ಫೈರ್ ಅಲಾರ್ಮ್ ಕೂಡ ಕಡಿಮೆ ವೋಲ್ಟೇಜಿನದೇ. ಹಾಗಾಗಿ ಅದು ತಮ್ಮ ವ್ಯಾಪ್ತಿಯಲ್ಲೇ ಬರುತ್ತದೆ ಎಂದು ಭಾವಿಸುವುದು ಸಹಜ. ಆದರೆ ಕಡಿಮೆ ವೋಲ್ಟೇಜಿನ ಫೈರ್ ಅಲಾರ್ಮ್ ಈ ವರ್ಗಕ್ಕೆ ಸೇರುವುದಿಲ್ಲವೆಂದು ಸಿ-7ರ ವ್ಯಾಖ್ಯೆಯೇ ಹೆಸರಿಸಿ ಹೇಳುತ್ತದೆ. ವ್ಯಾಖ್ಯೆಯ ಕೊನೆಯ ವಾಕ್ಯದವರೆಗೂ ಓದಬೇಕೆನ್ನುವುದು ಇದಕ್ಕಾಗಿಯೇ, ಏಕೆಂದರೆ ಹೊರಗಿಟ್ಟದ್ದನ್ನು ನಿಯಮಗಳು ಸಾಮಾನ್ಯವಾಗಿ ಕೊನೆಯಲ್ಲಿಯೇ ಹೇಳುತ್ತವೆ.

ಎರಡು ಪರವಾನಗಿಗಳ ಗಡಿ ಕಟ್ಟಡದೊಳಗೆ ನಿಖರವಾಗಿ ಎಲ್ಲಿ ಬೀಳುತ್ತದೆ ಎಂಬುದನ್ನು ನೋಡಬೇಕಾದರೆ ಫ್ಲೋ ಸ್ವಿಚ್ ಬಳಿ ನಿಲ್ಲಬೇಕು. ಇದನ್ನು ಸ್ಪ್ರಿಂಕ್ಲರಿನ ಮುಖ್ಯ ಪೈಪಿನಲ್ಲಿ ರಂಧ್ರ ಕೊರೆದು ಕೂರಿಸುತ್ತಾರೆ. ಕೊರೆದಾಗ ಬಿಡಿಯಾಗುವ ಬಿಲ್ಲೆಯಂಥ ಲೋಹದ ತುಂಡು ಪೈಪಿನೊಳಗೆ ಬೀಳದಂತೆ ಹೊರತೆಗೆಯಬೇಕು, ಇಲ್ಲವಾದರೆ ಅದು ನೀರಿನೊಂದಿಗೆ ಸಾಗಿ ಎಲ್ಲೋ ಅಡ್ಡ ನಿಲ್ಲುತ್ತದೆ. ಪೈಪಿನ ಒಳಗಿರುವ ಹಲಗೆಯಂಥ ರೆಕ್ಕೆ ನೀರು ಹರಿದಾಗ ಬಾಗುತ್ತದೆ, ಹೊರಗಿನ ಡಬ್ಬಿಯಲ್ಲಿರುವ ಸಂಪರ್ಕ ಕೂಡಿಕೊಳ್ಳುತ್ತದೆ, ಪ್ಯಾನೆಲಿಗೆ ಸಂಕೇತ ಹೋಗುತ್ತದೆ. ರಂಧ್ರ ಕೊರೆದು ಸ್ವಿಚ್ ಕೂರಿಸುವುದು ಪೈಪಿನವರ ಕೆಲಸ, ಡಬ್ಬಿಯೊಳಗಿನ ತಂತಿಯನ್ನು ಪ್ಯಾನೆಲಿಗೆ ಜೋಡಿಸುವುದು ಅಲಾರ್ಮಿನವರ ಕೆಲಸ. ಅಮೆರಿಕದ ರಾಷ್ಟ್ರೀಯ ಅಗ್ನಿರಕ್ಷಣಾ ಸಂಘದ ಅಲಾರ್ಮ್ ಮಾನದಂಡವಾದ ಎನ್‌ಎಫ್‌ಪಿಎ 72ರ ಪ್ರಕಾರ ಒಂದೇ ಒಂದು ಸ್ಪ್ರಿಂಕ್ಲರ್ ತೆರೆದಷ್ಟು ನೀರು ಹರಿದರೂ 90 ಸೆಕೆಂಡಿನೊಳಗೆ ಅಲಾರ್ಮ್ ಹೊರಡಬೇಕು. ಪರೀಕ್ಷೆಯ ದಿನ ಅದು ಹೊರಡದಿದ್ದರೆ ತಪ್ಪು ರೆಕ್ಕೆಯದೋ, ವಿಳಂಬಕ್ಕೆ ಇಟ್ಟ ಸಮಯದ್ದೋ, ತಂತಿಯದೋ ಎಂಬ ವಾದ ಏಳುತ್ತದೆ. ಆದ್ದರಿಂದ ಸ್ಪ್ರಿಂಕ್ಲರ್ ಪರವಾನಗಿ ಮಾತ್ರ ಇರುವ ಸಂಸ್ಥೆ ತನ್ನ ಕರಾರಿನಲ್ಲಿ ಸ್ವಿಚ್ಚಿನ ತಂತಿ ಯಾರದು, ಪರೀಕ್ಷೆಗೆ ಯಾರು ಹಾಜರಿರಬೇಕು ಎಂಬುದನ್ನು ಹೆಸರಿಸಿ ಬರೆದುಕೊಳ್ಳಬೇಕು. ‘ನಾಲ್ಕು ತಂತಿ ತಾನೆ, ನಾವೇ ಜೋಡಿಸಿದರಾಯಿತು’ ಎಂದು ಹೊರಟವರು ಪರವಾನಗಿಯಿಲ್ಲದೆ ಅಲಾರ್ಮ್ ಕೆಲಸ ಮಾಡಿದವರಾಗುತ್ತಾರೆ.

ಇದೇ ರೀತಿಯ ಇನ್ನೊಂದು ಗಡಿ ನೆಲದಡಿಯಲ್ಲಿದೆ. ಕಟ್ಟಡಕ್ಕೆ ಬರುವ ನೀರು ಯಾವ ಬಿಂದುವಿನಿಂದ ಮುಂದೆ ಬೆಂಕಿ ನಂದಿಸುವುದಕ್ಕೆ ಮಾತ್ರ ಮೀಸಲಾಗುತ್ತದೋ ಆ ಬಿಂದುವಿನಿಂದ ಪೈಪು ಹೂಳುವುದಕ್ಕೂ ಕೆಲವು ಕಡೆ ವಿಶೇಷ ಪರವಾನಗಿ ಬೇಕು. ಫ್ಲಾರಿಡಾದ ಐದನೆಯ ದರ್ಜೆ ಇದೇ. ಟೆಕ್ಸಾಸಿನಲ್ಲಿಯೂ ನೆಲದಡಿಯ ಮುಖ್ಯ ಪೈಪಿಗೆ ಪ್ರತ್ಯೇಕ ವರ್ಗವಿದೆ. ಸಾಮಾನ್ಯ ನೀರಿನ ಪೈಪು ಹಾಕುವವರಿಗೆ ಒಳಗುತ್ತಿಗೆ ಕೊಡುವ ಮೊದಲು ಇದನ್ನು ವಿಚಾರಿಸಬೇಕು.

ಪರವಾನಗಿ ನಿಂತಿರುವುದು ಒಬ್ಬ ವ್ಯಕ್ತಿಯ ಮೇಲೆ

ಪರವಾನಗಿ ಪತ್ರದಲ್ಲಿ ಸಂಸ್ಥೆಯ ಹೆಸರಿದ್ದರೂ ಸಂಸ್ಥೆ ಪರೀಕ್ಷೆ ಬರೆಯುವುದಿಲ್ಲ, ಸಂಸ್ಥೆಗೆ ಅನುಭವವೂ ಇರುವುದಿಲ್ಲ. ಅದಕ್ಕಾಗಿ ಹೆಚ್ಚಿನ ಕಾನೂನುಗಳು ಮೂರು ಪದರಗಳನ್ನು ಇಟ್ಟುಕೊಂಡಿವೆ: ನೋಂದಾಯಿತ ಸಂಸ್ಥೆ, ಅದರ ಪರವಾಗಿ ಅರ್ಹತೆ ತೋರಿಸುವ ಹೊಣೆಗಾರ ವ್ಯಕ್ತಿ, ಮತ್ತು ಸ್ಥಳದಲ್ಲಿ ಕೈಯಿಟ್ಟು ಕೆಲಸ ಮಾಡುವ ಕುಶಲಕರ್ಮಿ. ಮೂರಕ್ಕೂ ಬೇರೆಬೇರೆ ದಾಖಲೆ ಬೇಕಾಗಬಹುದು. ಕ್ಯಾಲಿಫೋರ್ನಿಯಾದಲ್ಲಿ ಸಿ-10 ಸಂಸ್ಥೆಯಲ್ಲಿ ಅಲಾರ್ಮ್ ತಂತಿ ಎಳೆಯುವ ನೌಕರನಿಗೂ ಎಲೆಕ್ಟ್ರಿಷಿಯನ್ ಪ್ರಮಾಣೀಕರಣ ಬೇಕು, ಮತ್ತು ಅದರಲ್ಲಿ ಅಗ್ನಿ ಹಾಗೂ ಜೀವರಕ್ಷಣಾ ತಂತ್ರಜ್ಞ ಎಂಬ ಪ್ರತ್ಯೇಕ ವರ್ಗವಿದೆ. ಸಂಸ್ಥೆಗೆ ಪರವಾನಗಿ ಸಿಕ್ಕಿತೆಂದು ಮರುದಿನವೇ ಯಾರನ್ನಾದರೂ ಏಣಿ ಹತ್ತಿಸುವಂತಿಲ್ಲ.

ಮಧ್ಯದ ಪದರವೇ ಎಲ್ಲಕ್ಕಿಂತ ಮುಖ್ಯ. ಟೆಕ್ಸಾಸಿನಲ್ಲಿ ಸ್ಪ್ರಿಂಕ್ಲರ್ ಸಂಸ್ಥೆಗೆ ನೋಂದಣಿ ಸಿಗಬೇಕಾದರೆ ‘ರೆಸ್ಪಾನ್ಸಿಬಲ್ ಮ್ಯಾನೇಜಿಂಗ್ ಎಂಪ್ಲಾಯಿ’ ಎಂಬ ಪರವಾನಗಿ ಪಡೆದ ವ್ಯಕ್ತಿ ಅದರ ನೌಕರಿಯಲ್ಲಿರಬೇಕು. ಅಲಾರ್ಮ್ ಸಂಸ್ಥೆಯಲ್ಲಿ ವ್ಯವಸ್ಥೆಯನ್ನು ಯೋಜಿಸುವವರಿಗೆ ‘ಅಲಾರ್ಮ್ ಪ್ಲಾನಿಂಗ್ ಸೂಪರಿಂಟೆಂಡೆಂಟ್’ ಎಂಬ ಪರವಾನಗಿ ಇದೆ. ಕ್ಯಾಲಿಫೋರ್ನಿಯಾದಲ್ಲಿ ಹೊಣೆಗಾರ ವ್ಯಕ್ತಿ ಸಂಸ್ಥೆಯ ಪದಾಧಿಕಾರಿಯಾಗಿರಬಹುದು, ಇಲ್ಲವೇ ನೌಕರನಾಗಿರಬಹುದು. ನೌಕರನಾಗಿದ್ದರೆ ವಾರಕ್ಕೆ ಕನಿಷ್ಠ 32 ಗಂಟೆ, ಅಥವಾ ಸಂಸ್ಥೆ ಕೆಲಸ ಮಾಡುವ ಒಟ್ಟು ಗಂಟೆಗಳ ಶೇಕಡಾ 80ರಷ್ಟು, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಹೊತ್ತು ನಿಜವಾಗಿಯೂ ಅಲ್ಲಿ ದುಡಿಯುತ್ತಿರಬೇಕು. ಈ ಷರತ್ತು ಏಕೆ ಬಂತೆಂದು ಊಹಿಸುವುದು ಕಷ್ಟವಲ್ಲ. ಅರ್ಹತೆಯುಳ್ಳವರು ತಿಂಗಳಿಗಿಷ್ಟೆಂದು ಹಣ ಪಡೆದು ಹೆಸರು ಮಾತ್ರ ಕೊಡುವ ವಾಡಿಕೆ ಕಟ್ಟಡ ನಿರ್ಮಾಣದ ಎಲ್ಲ ಶಾಖೆಗಳಲ್ಲೂ ಇದೆ. ಅಗ್ನಿರಕ್ಷಣೆಯಲ್ಲಿ ಇದು ಇಬ್ಬರಿಗೂ ಅಪಾಯ: ಹೆಸರು ಕೊಟ್ಟವರು ತಾವು ನೋಡದ ಕೆಲಸಕ್ಕೆ ಸಹಿ ಮಾಡಿದವರಾಗುತ್ತಾರೆ, ಹೆಸರು ಪಡೆದವರ ಪರವಾನಗಿ ಒಂದು ದೂರಿನಿಂದ ಹೋಗುತ್ತದೆ.

ಆದ್ದರಿಂದ ಹೊಣೆಗಾರ ವ್ಯಕ್ತಿ ಯಾರೆಂದು ಗೊತ್ತಾಗುವವರೆಗೆ ಕಚೇರಿ ಬಾಡಿಗೆಗೆ ಹಿಡಿಯುವುದೂ ಬೇಡ. ಸಾಧ್ಯವಿದ್ದರೆ ಸಂಸ್ಥೆಯ ಮಾಲೀಕರಲ್ಲೊಬ್ಬರೇ ಆ ಅರ್ಹತೆ ಗಳಿಸುವುದು ಒಳ್ಳೆಯದು, ಅದಕ್ಕೆ ಎರಡು ವರ್ಷ ಹೆಚ್ಚು ಹಿಡಿದರೂ ಸರಿ ಎಂಬುದು ನನ್ನ ಅಭಿಪ್ರಾಯ. ನೌಕರರನ್ನೇ ನೆಚ್ಚಬೇಕಾದರೆ ಅವರು ಕೆಲಸ ಬಿಡುವ ದಿನದ ಬಗ್ಗೆ ನೇಮಕಾತಿಯ ದಿನವೇ ಯೋಚಿಸಬೇಕು. ಕ್ಯಾಲಿಫೋರ್ನಿಯಾದಲ್ಲಿ ಹೊಣೆಗಾರರು ಹೊರಟುಹೋದರೆ 90 ದಿನಗಳೊಳಗೆ ಮಂಡಳಿಗೆ ತಿಳಿಸಿ ಬದಲಿಯವರನ್ನು ತೋರಿಸಬೇಕು, ತಪ್ಪಿದರೆ ಪರವಾನಗಿ ಅಮಾನತಾಗಬಹುದು. ಅರ್ಧ ಪೈಪು ಹಾಕಿರುವ ಕಟ್ಟಡವಿದ್ದಾಗ ಈ ಅವಧಿ ಬಹಳ ಚಿಕ್ಕದು. ಮುಂಚಿತ ಸೂಚನೆಯ ಅವಧಿಯನ್ನು ನೇಮಕಾತಿ ಪತ್ರದಲ್ಲಿ ಬರೆದುಕೊಳ್ಳುವುದರ ಜೊತೆಗೆ, ಎರಡನೆಯ ವ್ಯಕ್ತಿಯೊಬ್ಬರನ್ನು ಪರೀಕ್ಷೆಗಳಿಗೆ ಕಳುಹಿಸುತ್ತಾ ಬರುವುದು ಜಾಣತನ.

ಅನುಭವವನ್ನು ಕಾಗದದ ಮೇಲೆ ತೋರಿಸುವುದು

ಅರ್ಜಿಗಳು ಹಿಂದಿರುಗಿ ಬರುವುದಕ್ಕೆ ಅನುಭವದ ಭಾಗ ದೊಡ್ಡ ಕಾರಣ. ಸಿ-16 ಆಗಲಿ ಸಿ-10 ಆಗಲಿ, ಕ್ಯಾಲಿಫೋರ್ನಿಯಾ ಕೇಳುವುದು ಕಳೆದ 10 ವರ್ಷಗಳಲ್ಲಿ ಕನಿಷ್ಠ 4 ವರ್ಷಗಳ ಅನುಭವ, ಅದೂ ಕಲಿಕೆಯ ಹಂತ ಮುಗಿಸಿ ಮೇಲ್ವಿಚಾರಣೆಯಿಲ್ಲದೆ ಕೆಲಸ ಮಾಡಬಲ್ಲ ಕುಶಲಕರ್ಮಿಯ, ಮೇಲ್ವಿಚಾರಕನ ಅಥವಾ ಗುತ್ತಿಗೆದಾರನ ಮಟ್ಟದ್ದು. ಸಹಾಯಕನಾಗಿ ಪೈಪು ಹೊತ್ತ ವರ್ಷಗಳು ಇದರಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಆ ಅನುಭವವನ್ನು ನೇರವಾಗಿ ಕಂಡು ಬಲ್ಲ ಇನ್ನೊಬ್ಬರು ದೃಢೀಕರಿಸಿ ಸಹಿ ಹಾಕಬೇಕು.

‘ಅರ್ಜಿದಾರರಿಗೆ ಸ್ಪ್ರಿಂಕ್ಲರ್ ಕ್ಷೇತ್ರದಲ್ಲಿ 6 ವರ್ಷಗಳ ಅನುಭವವಿದೆ’ ಎಂದು ಬರೆದ ಪತ್ರ ಪರಿಶೀಲಕರಿಗೆ ಏನನ್ನೂ ಹೇಳುವುದಿಲ್ಲ. ಅದೇ ಪತ್ರ ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ, ಪೂರ್ಣಾವಧಿಯೋ ಅಲ್ಲವೋ, ಯಾವ ಹುದ್ದೆಯಲ್ಲಿ, ಪೈಪಿನಲ್ಲಿ ಸದಾ ನೀರಿರುವ ತೇವದ ವ್ಯವಸ್ಥೆಯೋ ಗಾಳಿ ತುಂಬಿರುವ ಒಣ ವ್ಯವಸ್ಥೆಯೋ, ಎಷ್ಟು ಜನರ ತಂಡವನ್ನು ನಡೆಸುತ್ತಾ, ನಕ್ಷೆ ಓದಿ ಪೈಪು ಕತ್ತರಿಸಿ ಜೋಡಿಸುವುದರಿಂದ ಹಿಡಿದು ಒತ್ತಡ ಪರೀಕ್ಷೆಯವರೆಗೆ ಏನೇನು ಮಾಡಿದರು ಎಂದು ವಿವರಿಸಿದರೆ ಅದಕ್ಕೆ ಬೆಲೆ ಬರುತ್ತದೆ. ಜೊತೆಗೆ ಸಂಬಳದ ಚೀಟಿ, ತೆರಿಗೆ ದಾಖಲೆ, ಅನುಮತಿ ಪತ್ರಗಳ ಪ್ರತಿಗಳನ್ನು ಕೇಳಿದ ದಿನ ಕೊಡುವಂತೆ ಜೋಡಿಸಿಟ್ಟಿರಬೇಕು. ಹಳೆಯ ಸಂಸ್ಥೆ ಬಿಡುವಾಗಲೇ ಈ ಪತ್ರವನ್ನು ಬರೆಸಿಕೊಳ್ಳುವುದು ಉತ್ತಮ; ಪ್ರತಿಸ್ಪರ್ಧಿಯಾಗಲು ಹೊರಟವರಿಗೆ ಐದು ವರ್ಷಗಳ ನಂತರ ಹಳೆಯ ಧಣಿ ಮನಸ್ಸಿಟ್ಟು ಪತ್ರ ಬರೆದುಕೊಡುತ್ತಾರೆಂದು ನಂಬಿ ಕೂರಬಾರದು.

ಅಮೆರಿಕದಲ್ಲಿ ಅನುಭವ ಮತ್ತು ಜ್ಞಾನ ಎರಡನ್ನೂ ಒಟ್ಟಿಗೆ ತೂಗುವ ಸಂಸ್ಥೆಯೆಂದರೆ 1961ರಲ್ಲಿ ಆರಂಭವಾದ ನೈಸೆಟ್. ಇದು ಸರ್ಕಾರಿ ಪರವಾನಗಿ ಕೊಡುವುದಿಲ್ಲ, ತಂತ್ರಜ್ಞರನ್ನು ಪ್ರಮಾಣೀಕರಿಸುತ್ತದೆ. ಆದರೆ ಅದರ ಪ್ರಮಾಣಪತ್ರವನ್ನೇ ಹಲವು ರಾಜ್ಯಗಳು ಪರವಾನಗಿಗೆ ಮೆಟ್ಟಿಲಾಗಿ ಇಟ್ಟುಕೊಂಡಿವೆ. ನೀರಿನ ವ್ಯವಸ್ಥೆಗಳ ನಕ್ಷೆ, ನೀರಿನ ವ್ಯವಸ್ಥೆಗಳ ತಪಾಸಣೆ, ಫೈರ್ ಅಲಾರ್ಮ್ ಹೀಗೆ ವಿಭಾಗಗಳಿದ್ದು, ಹಂತಗಳು 1ರಿಂದ 4. ಎರಡನೆಯ ಹಂತಕ್ಕೆ ಸುಮಾರು 2 ವರ್ಷ, ಮೂರನೆಯದಕ್ಕೆ 5 ವರ್ಷ, ನಾಲ್ಕನೆಯದಕ್ಕೆ 10 ವರ್ಷಗಳ ಅನುಭವ ಬೇಕು. ಟೆಕ್ಸಾಸಿನಲ್ಲಿ ಸಾಮಾನ್ಯ ವರ್ಗದ ಸ್ಪ್ರಿಂಕ್ಲರ್ ಹೊಣೆಗಾರರಾಗಲು ನೀರಿನ ವ್ಯವಸ್ಥೆಗಳ ನಕ್ಷೆಯಲ್ಲಿ ಮೂರನೆಯ ಹಂತವನ್ನು ಕೇಳುತ್ತಾರೆ. ವಿಭಾಗದ ಆಯ್ಕೆಯಲ್ಲಿ ಎಚ್ಚರ ಬೇಕು, ಏಕೆಂದರೆ ತಪಾಸಣೆಯ ವಿಭಾಗದಲ್ಲಿ ಗಳಿಸಿದ ಹಂತ ನಕ್ಷೆಯ ವಿಭಾಗಕ್ಕೆ ಬದಲಾಗಿ ಬರುವುದಿಲ್ಲ. ಪ್ರಮಾಣಪತ್ರವನ್ನು 3 ವರ್ಷಕ್ಕೊಮ್ಮೆ ನವೀಕರಿಸಬೇಕು, ಮತ್ತು ಅದಕ್ಕೆ ಆ ಅವಧಿಯಲ್ಲಿ ಕಲಿಕೆ ಮತ್ತು ಕೆಲಸದಿಂದ ಗಳಿಸಿದ 90 ಅಂಕಗಳನ್ನು ತೋರಿಸಬೇಕು.

ಪರೀಕ್ಷೆ

ಪರೀಕ್ಷೆಗಳು ಸಾಮಾನ್ಯವಾಗಿ ಎರಡು ಬಗೆ. ಒಂದು ಕಾನೂನು ಮತ್ತು ವ್ಯವಹಾರದ್ದು: ಕರಾರು, ತೆರಿಗೆ, ಕಾರ್ಮಿಕ ಕಾನೂನು, ಸುರಕ್ಷತೆ. ಇನ್ನೊಂದು ಕಸುಬಿನದು. ಕಸುಬು ಬಲ್ಲವರು ಮೊದಲನೆಯದನ್ನು ಹಗುರವಾಗಿ ಕಾಣುವುದುಂಟು, ಅದು ಸರಿಯಲ್ಲ.

ಕಸುಬಿನ ಪರೀಕ್ಷೆಗೆ ಆಧಾರ ಬಹುತೇಕ ಎನ್‌ಎಫ್‌ಪಿಎ ಮಾನದಂಡಗಳು. ಎನ್‌ಎಫ್‌ಪಿಎ ಸ್ಥಾಪನೆಯಾದದ್ದೂ ಸ್ಪ್ರಿಂಕ್ಲರ್ ಅಳವಡಿಕೆಯ ಮೊದಲ ಮಾನದಂಡ ಹೊರಬಂದದ್ದೂ 1896ರಲ್ಲಿ, ಅಂದರೆ ಈ ಕ್ಷೇತ್ರದಲ್ಲಿ ಮೂಲ ಪ್ರಶ್ನೆ ಮೊದಲಿನಿಂದಲೂ ಅಳವಡಿಕೆಯ ಏಕರೂಪತೆಯದೇ. ಎನ್‌ಎಫ್‌ಪಿಎ 13 ಸ್ಪ್ರಿಂಕ್ಲರ್ ಅಳವಡಿಕೆಗೆ, 13ಡಿ ಒಂದು ಅಥವಾ ಎರಡು ಕುಟುಂಬಗಳ ಮನೆಗಳಿಗೆ, 20 ಪಂಪುಗಳಿಗೆ, 25 ನೀರಿನ ವ್ಯವಸ್ಥೆಗಳ ತಪಾಸಣೆ ಮತ್ತು ನಿರ್ವಹಣೆಗೆ, 72 ಫೈರ್ ಅಲಾರ್ಮ್‌ಗೆ ಸಂಬಂಧಿಸಿವೆ. ಇವು ಕೆಲವು ವರ್ಷಗಳಿಗೊಮ್ಮೆ ಪರಿಷ್ಕೃತವಾಗುತ್ತವೆ, ಆದರೆ ಪ್ರತಿ ರಾಜ್ಯವೂ ತಾನು ಅಂಗೀಕರಿಸಿದ ಆವೃತ್ತಿಯನ್ನೇ ಅನುಸರಿಸುತ್ತದೆ. ಪರೀಕ್ಷೆಯ ಪ್ರಕಟಣೆಯಲ್ಲಿ ಯಾವ ವರ್ಷದ ಆವೃತ್ತಿಯೆಂದು ನೋಡಿಕೊಂಡು ಅದನ್ನಷ್ಟೇ ಓದಬೇಕು. ಹೊಸದು ಒಳ್ಳೆಯದೆಂದು ಇತ್ತೀಚಿನದನ್ನು ಕೊಂಡರೆ ಕಲಂಗಳ ಸಂಖ್ಯೆಯೇ ತಾಳೆಯಾಗದೆ ಹೋಗಬಹುದು. ಕೆಲವು ಪರೀಕ್ಷೆಗಳಲ್ಲಿ ಪುಸ್ತಕ ನೋಡಲು ಅವಕಾಶವಿದೆ, ಕ್ಯಾಲಿಫೋರ್ನಿಯಾ ಮಂಡಳಿಯ ಪರೀಕ್ಷೆಯಲ್ಲಿ ಇಲ್ಲ. ಪುಸ್ತಕ ನೋಡಬಹುದಾದ ಪರೀಕ್ಷೆ ಸುಲಭವೆಂದು ಭಾವಿಸಿದವರಿಗೆ ಸಮಯ ಸಾಲುವುದಿಲ್ಲ. ಯಾವ ವಿಷಯ ಯಾವ ಅಧ್ಯಾಯದಲ್ಲಿದೆ ಎಂಬುದು ಬಾಯಿಪಾಠವಾಗಿದ್ದು, ಪುಸ್ತಕವನ್ನು ಕೋಷ್ಟಕದ ಅಂಕಿ ಖಚಿತಪಡಿಸಿಕೊಳ್ಳಲು ಮಾತ್ರ ತೆರೆಯುವಂತಿರಬೇಕು.

ಬಾಂಡ್ ಮತ್ತು ವಿಮೆ ಒಂದೇ ಅಲ್ಲ

ಈ ಎರಡನ್ನು ಒಂದೇ ಎಂದುಕೊಳ್ಳುವವರು ಬಹಳ. ವಿಮೆ ಗುತ್ತಿಗೆದಾರರನ್ನು ಕಾಯುತ್ತದೆ: ಅವರ ಕೆಲಸದಿಂದ ಇನ್ನೊಬ್ಬರ ಆಸ್ತಿಗೋ ದೇಹಕ್ಕೋ ಹಾನಿಯಾದರೆ ವಿಮಾ ಕಂಪನಿ ಕೊಡುತ್ತದೆ. ಬಾಂಡ್ ಗ್ರಾಹಕರನ್ನೂ ನೌಕರರನ್ನೂ ಕಾಯುತ್ತದೆ: ಗುತ್ತಿಗೆದಾರರು ನಿಯಮ ಮೀರಿದ್ದರಿಂದ ನಷ್ಟವಾದವರಿಗೆ ಬಾಂಡ್ ಕಂಪನಿ ಕೊಟ್ಟ ಹಣವನ್ನು ಮತ್ತೆ ಗುತ್ತಿಗೆದಾರರಿಂದಲೇ ವಸೂಲು ಮಾಡುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2023ರ ಜನವರಿ 1ರಿಂದ ಗುತ್ತಿಗೆದಾರರ ಬಾಂಡ್ 25,000 ಡಾಲರ್. ಹೊಣೆಗಾರ ವ್ಯಕ್ತಿ ನೌಕರನಾಗಿದ್ದರೆ ಅವನ ಹೆಸರಿನಲ್ಲಿ ಇನ್ನೊಂದು ಬಾಂಡ್ ಕೂಡ ಬೇಕು. ಪದಾಧಿಕಾರಿಯಾಗಿದ್ದು ಸಂಸ್ಥೆಯಲ್ಲಿ ಶೇಕಡಾ 10 ಅಥವಾ ಹೆಚ್ಚಿನ ಒಡೆತನವಿದ್ದರೆ ಇದರಿಂದ ವಿನಾಯಿತಿ ಸಿಗುತ್ತದೆ. ಮಾಲೀಕರೇ ಅರ್ಹತೆ ಗಳಿಸಲಿ ಎಂದು ಮೇಲೆ ಹೇಳಿದ್ದಕ್ಕೆ ಇದೂ ಒಂದು ಕಾರಣ.

ವಿಮೆಯ ವಿಷಯದಲ್ಲಿ ಮೊತ್ತಕ್ಕಿಂತ ಒಳಗಿನ ಷರತ್ತುಗಳನ್ನು ನೋಡಬೇಕು. ಸ್ಪ್ರಿಂಕ್ಲರ್ ಕೆಲಸದ ಅಪಾಯ ಕೆಲಸ ನಡೆಯುವಾಗಿನದಕ್ಕಿಂತ ಮುಗಿದ ಮೇಲೆ ಹೆಚ್ಚು: ಪೈಪಿನ ಒಂದು ಜೋಡಣೆ ತಿಂಗಳುಗಳ ನಂತರ ಬಿಟ್ಟುಕೊಂಡು ಮೂರು ಮಹಡಿಗೆ ನೀರು ಇಳಿಯಬಹುದು. ಹಾಗಾಗಿ ಪೂರ್ಣಗೊಂಡ ಕೆಲಸದಿಂದ ಆಗುವ ಹಾನಿಯನ್ನು ಪಾಲಿಸಿ ಒಳಗೊಂಡಿದೆಯೇ ಎಂದು ಕೇಳಬೇಕು. ನಕ್ಷೆ ಮತ್ತು ಲೆಕ್ಕವನ್ನೂ ತಾವೇ ಮಾಡುವವರು ವಿನ್ಯಾಸದ ತಪ್ಪಿಗೆ ರಕ್ಷಣೆ ಪ್ರತ್ಯೇಕವಾಗಿ ಪಡೆಯಬೇಕಾಗುತ್ತದೆ, ಏಕೆಂದರೆ ಸಾಮಾನ್ಯ ಹೊಣೆಗಾರಿಕೆ ವಿಮೆ ಅದನ್ನು ಹೊರಗಿಡುವುದೇ ಹೆಚ್ಚು.

ಅರ್ಜಿ ಸಲ್ಲಿಸುವಾಗ

ಮೊದಲು ಸಂಸ್ಥೆಯ ನೋಂದಣಿ, ಆಮೇಲೆ ಬಾಂಡ್ ಮತ್ತು ವಿಮೆ, ಆಮೇಲೆ ಪರವಾನಗಿ. ಈ ಎಲ್ಲ ಕಾಗದಗಳಲ್ಲಿ ಸಂಸ್ಥೆಯ ಹೆಸರು ಅಕ್ಷರ ಅಕ್ಷರವೂ ಒಂದೇ ಆಗಿರಬೇಕು. ಒಂದರಲ್ಲಿ ‘ಅಂಡ್ ಸನ್ಸ್’ ಇದ್ದು ಇನ್ನೊಂದರಲ್ಲಿ ಇಲ್ಲದಿರುವುದು ನಗಣ್ಯವೆಂದು ತೋರಬಹುದು, ಪರಿಶೀಲಕರಿಗೆ ಮಾತ್ರ ಅವು ಎರಡು ಸಂಸ್ಥೆಗಳು. ಪಾಲುದಾರಿಕೆಯಿಂದ ಕಂಪನಿಯಾಗಿ ಬದಲಾಗುವ ಯೋಚನೆಯಿದ್ದರೆ ಅದನ್ನು ಮೊದಲೇ ಮುಗಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಪರವಾನಗಿ ಆಯಾ ಕಾನೂನಾತ್ಮಕ ಸಂಸ್ಥೆಗೆ ಸಿಗುತ್ತದೆಯೇ ಹೊರತು ಅದರ ಹಿಂದಿರುವ ಜನರಿಗಲ್ಲ. ಬೆರಳಚ್ಚು ಮತ್ತು ಹಿನ್ನೆಲೆ ಪರಿಶೀಲನೆ ಕೇಳುವ ಕಡೆಗಳಲ್ಲಿ ಹಳೆಯ ಪ್ರಕರಣವೇನಾದರೂ ಇದ್ದರೆ ಮುಚ್ಚಿಡದೆ ಬರೆಯಬೇಕು. ಪ್ರಕರಣಕ್ಕಿಂತ ಅದನ್ನು ಮುಚ್ಚಿಟ್ಟದ್ದೇ ತಿರಸ್ಕಾರಕ್ಕೆ ದೊಡ್ಡ ಕಾರಣವಾಗುತ್ತದೆ.

ಕಾನೂನು ಪರವಾನಗಿ ಕೇಳದಿರುವ ಕಡೆ

ಎಲ್ಲ ಕಡೆಯೂ ಪರವಾನಗಿಯೇ ದಾರಿಯಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅಲಾರ್ಮ್ ಗುತ್ತಿಗೆದಾರರಿಗೆ ಸರ್ಕಾರಿ ಪರವಾನಗಿ ಇಲ್ಲ. 2005ರ ಅಗ್ನಿ ಸುರಕ್ಷತಾ ಆದೇಶ ಕಟ್ಟಡದ ಹೊಣೆ ಹೊತ್ತವರ ಮೇಲೆ ಭಾರ ಹಾಕುತ್ತದೆ, ವ್ಯವಸ್ಥೆಯನ್ನು ಸುಸ್ಥಿತಿಯಲ್ಲಿ ಇಡಿಸುವುದು ಅವರ ಕರ್ತವ್ಯ. ಅಂಥವರು ಸ್ವಾಭಾವಿಕವಾಗಿ ಮೂರನೆಯವರೊಬ್ಬರು ಪರಿಶೀಲಿಸಿ ಪ್ರಮಾಣೀಕರಿಸಿದ ಗುತ್ತಿಗೆದಾರರನ್ನು ಹುಡುಕುತ್ತಾರೆ. ಅಲಾರ್ಮ್‌ಗೆ ಬೇಫ್ ಎಂಬ ಸಂಸ್ಥೆಯ ಎಸ್‌ಪಿ 203-1 ಪ್ರಮಾಣೀಕರಣ ಯೋಜನೆಯಿದ್ದು, ವಿನ್ಯಾಸ, ಅಳವಡಿಕೆ, ಚಾಲನೆ ಮತ್ತು ಹಸ್ತಾಂತರ, ನಿರ್ವಹಣೆ ಇವುಗಳಿಗೆ ಬೇರೆಬೇರೆಯಾಗಿ ಪ್ರಮಾಣಪತ್ರ ಪಡೆಯಬಹುದು. ಸ್ಪ್ರಿಂಕ್ಲರ್‌ಗೆ ಎಲ್‌ಪಿಎಸ್ 1048 ಎಂಬ ಪ್ರಮಾಣೀಕರಣ ಮಾನದಂಡ ಇದೆ, ಅದರಲ್ಲಿ 1ರಿಂದ 4ರವರೆಗೆ ಹಂತಗಳಿವೆ. ಕಾನೂನಿನಲ್ಲಿ ಕಡ್ಡಾಯವಲ್ಲದ್ದನ್ನು ವಿಮಾ ಕಂಪನಿ ಅಥವಾ ಟೆಂಡರ್ ಪತ್ರ ಕಡ್ಡಾಯ ಮಾಡಬಲ್ಲುದು, ಆದ್ದರಿಂದ ‘ಇಲ್ಲಿ ಪರವಾನಗಿ ಬೇಕಿಲ್ಲ’ ಎಂಬ ಮಾತು ಪೂರ್ತಿ ನಿಜವೂ ಅಲ್ಲ.

ಮಹಾರಾಷ್ಟ್ರದ 2006ರ ಅಗ್ನಿ ತಡೆ ಮತ್ತು ಜೀವ ಸುರಕ್ಷತಾ ಕ್ರಮಗಳ ಕಾಯ್ದೆ ಇವೆರಡನ್ನೂ ಸೇರಿಸಿದ ದಾರಿ ಹಿಡಿದಿದೆ. ಭಾರ ಮಾಲೀಕರ ಅಥವಾ ಅನುಭೋಗದಾರರ ಮೇಲೆಯೇ ಇದೆ, ಆದರೆ ಅವರು ಕೆಲಸವನ್ನು ‘ಲೈಸೆನ್ಸ್ಡ್ ಏಜೆನ್ಸಿ’ಯಿಂದಲೇ ಮಾಡಿಸಬೇಕು. ಅಳವಡಿಕೆಯ ನಂತರ ಆ ಏಜೆನ್ಸಿ ‘ಫಾರ್ಮ್ ಎ’ ಪ್ರಮಾಣಪತ್ರ ಕೊಡುತ್ತದೆ. ಆಮೇಲೆ ವರ್ಷಕ್ಕೆರಡು ಬಾರಿ, ಜನವರಿ ಮತ್ತು ಜುಲೈ ತಿಂಗಳುಗಳಲ್ಲಿ, ವ್ಯವಸ್ಥೆ ಸುಸ್ಥಿತಿಯಲ್ಲಿದೆ ಎಂದು ‘ಫಾರ್ಮ್ ಬಿ’ ಕೊಡಬೇಕು. ಇಲ್ಲಿ ಪರವಾನಗಿದಾರರ ನಿಜವಾದ ಹೊರೆ ಆರು ತಿಂಗಳಿಗೊಮ್ಮೆ ಬರುವ ಈ ಸಹಿಯಲ್ಲಿದೆ. ಕಟ್ಟಡಕ್ಕೆ ಹೋಗದೆ, ಪಂಪು ಓಡಿಸದೆ, ಹಿಂದಿನ ಸಲದ ಕಾಗದವನ್ನೇ ನಕಲು ಮಾಡಿ ಸಹಿ ಹಾಕಿಕೊಡಿ ಎಂದು ಮಾಲೀಕರು ಒತ್ತಾಯಿಸುವುದುಂಟು. ಒಪ್ಪಿಕೊಂಡವರು ಆ ಕಟ್ಟಡದ ಮುಂದಿನ ಆರು ತಿಂಗಳ ಬೆಂಕಿಗೆ ಉತ್ತರ ಹೇಳಬೇಕಾಗುತ್ತದೆ. ಭಾರತದಲ್ಲಿ ತಾಂತ್ರಿಕ ಆಧಾರವಾಗಿ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ 4ನೆಯ ಭಾಗ, ಅಲಾರ್ಮ್‌ಗೆ ಭಾರತೀಯ ಮಾನದಂಡ (ಐಎಸ್) 2189, ಸ್ಪ್ರಿಂಕ್ಲರ್‌ಗೆ ಐಎಸ್ 15105 ಬಳಕೆಯಲ್ಲಿವೆ.

ಪರವಾನಗಿ ಕೈಗೆ ಬಂದ ಮೇಲೆ

ಗುತ್ತಿಗೆದಾರ ಪರವಾನಗಿ ಬೇರೆ, ಪ್ರತಿ ಕಟ್ಟಡಕ್ಕೆ ಪಡೆಯುವ ಕೆಲಸದ ಅನುಮತಿ ಬೇರೆ. ಎನ್‌ಎಫ್‌ಪಿಎ 13ರ ಪ್ರಕಾರ ಯಾವುದೇ ಉಪಕರಣ ಅಳವಡಿಸುವ ಮೊದಲು ಕೆಲಸದ ನಕ್ಷೆಗಳಿಗೆ ಸ್ಥಳೀಯ ಪ್ರಾಧಿಕಾರದ ಒಪ್ಪಿಗೆ ಪಡೆಯಬೇಕು. ಅದಕ್ಕೂ ಮುಂಚೆ ಕಟ್ಟಡವನ್ನು ಯಾವುದಕ್ಕೆ ಬಳಸುತ್ತಾರೆ, ನೀರಿನ ಬಗ್ಗೆ ವಿಶೇಷ ತಿಳಿವಳಿಕೆ ಏನಾದರೂ ಇದೆಯೇ ಎಂಬ ಮಾಹಿತಿ ಪತ್ರಕ್ಕೆ ಮಾಲೀಕರ ಸಹಿ ಬೇಕು. ಇದನ್ನು ಬರಿಯ ವಿಧಿಯೆಂದು ಬಿಡಬಾರದು: ಕಚೇರಿಯೆಂದು ಲೆಕ್ಕ ಹಾಕಿದ ಜಾಗ ಆಮೇಲೆ ಎತ್ತರಕ್ಕೆ ಸರಕು ಪೇರಿಸುವ ಗೋದಾಮಾದರೆ ಸ್ಪ್ರಿಂಕ್ಲರಿನ ನೀರು ಸಾಲುವುದಿಲ್ಲ, ಆಗ ಗುತ್ತಿಗೆದಾರರ ಬಳಿ ಇರುವ ಏಕೈಕ ರಕ್ಷಣೆ ಆ ಸಹಿ.

ಕೆಲಸ ಮುಗಿದ ಮೇಲೆ ಪೈಪುಗಳಿಗೆ ಸಾಮಾನ್ಯವಾಗಿ 200 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡ ಕೊಟ್ಟು 2 ಗಂಟೆ ಹಿಡಿದಿಡುತ್ತಾರೆ, ಒತ್ತಡ ಇಳಿಯಬಾರದು. ಫಲಿತಾಂಶವನ್ನು ಗುತ್ತಿಗೆದಾರರ ಸಾಮಗ್ರಿ ಮತ್ತು ಪರೀಕ್ಷಾ ಪ್ರಮಾಣಪತ್ರದಲ್ಲಿ ಬರೆದು, ನೆಲದ ಮೇಲಿನದಕ್ಕೂ ನೆಲದಡಿಯದಕ್ಕೂ ಬೇರೆಬೇರೆಯಾಗಿ ಸಹಿ ಮಾಡುತ್ತಾರೆ. ಅಲಾರ್ಮ್ ಕಡೆ ಇದಕ್ಕೆ ಸಮನಾದದ್ದು ಪೂರ್ಣತಾ ದಾಖಲೆ. ವಿದ್ಯುತ್ ಹೋದರೆ ಬ್ಯಾಟರಿ 24 ಗಂಟೆ ಕಾದು, ಆಮೇಲೂ ಸಾಧಾರಣ ಅಲಾರ್ಮನ್ನು 5 ನಿಮಿಷ, ಧ್ವನಿ ಸೂಚನೆಯ ವ್ಯವಸ್ಥೆಯಾದರೆ 15 ನಿಮಿಷ ನಡೆಸಬಲ್ಲದು ಎಂಬ ಲೆಕ್ಕವೂ ದಾಖಲೆಗಳ ಜೊತೆ ಇರಬೇಕು. ಪರವಾನಗಿಯ ಮೇಲೆ ದೂರು ಬಂದಾಗ ಮೊದಲು ತರಿಸಿಕೊಂಡು ನೋಡುವುದು ಇಂಥ ಹಾಳೆಗಳನ್ನೇ, ಆದ್ದರಿಂದ ಸಹಿ ಮಾಡಿದ ಪ್ರತಿಯನ್ನು ಕಟ್ಟಡದ ಹೆಸರಿನಲ್ಲಿ ಬೇರೆ ಕಡತದಲ್ಲಿಡಬೇಕು.

ನಿರ್ವಹಣೆಯ ಕೆಲಸ ಹಿಡಿದವರಿಗೆ ಟ್ಯಾಗ್‌ಗಳ ಶಿಸ್ತೂ ಇದೆ. ಟೆಕ್ಸಾಸಿನಲ್ಲಿ ಮಾನದಂಡಕ್ಕೆ ಹೊಂದದ ದೋಷ ಕಂಡರೆ ಹಳದಿ ಟ್ಯಾಗ್, ವ್ಯವಸ್ಥೆ ಕೆಲಸವೇ ಮಾಡದ ಸ್ಥಿತಿಯಲ್ಲಿದ್ದರೆ ಕೆಂಪು ಟ್ಯಾಗ್ ಕಟ್ಟಿ, ಮಾಲೀಕರಿಗೂ ಸ್ಥಳೀಯ ಪ್ರಾಧಿಕಾರಕ್ಕೂ ತಿಳಿಸಬೇಕು. ಕೆಂಪು ಟ್ಯಾಗ್ ಕಟ್ಟಿದರೆ ಗ್ರಾಹಕರು ಮುನಿಸಿಕೊಳ್ಳುತ್ತಾರೆ ಎಂಬುದು ನಿಜ. ಆದರೆ ಕಟ್ಟಬೇಕಾದಲ್ಲಿ ಕಟ್ಟದಿರುವುದು ಪರವಾನಗಿಯ ನಿಯಮದ ಉಲ್ಲಂಘನೆ, ಗ್ರಾಹಕರು ಆ ಹೊತ್ತಿನಲ್ಲಿ ಪಕ್ಕಕ್ಕೆ ನಿಲ್ಲುವುದಿಲ್ಲ.

ನವೀಕರಣದ ದಿನಾಂಕಗಳು ಒಂದರ ಜೊತೆ ಒಂದು ಹೊಂದುವುದಿಲ್ಲವೆಂಬುದನ್ನು ನೆನಪಿಡಬೇಕು. ಕ್ಯಾಲಿಫೋರ್ನಿಯಾದ ಚಾಲ್ತಿ ಪರವಾನಗಿ 2 ವರ್ಷಕ್ಕೊಮ್ಮೆ, ನೈಸೆಟ್ 3 ವರ್ಷಕ್ಕೊಮ್ಮೆ, ವಿಮೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ. ವಿಮೆ ಅಥವಾ ಬಾಂಡ್ ಒಂದು ದಿನ ತಪ್ಪಿದರೂ ಪರವಾನಗಿ ತಾನಾಗಿ ಅಮಾನತಾಗುವ ಕಡೆಗಳಿವೆ, ಮತ್ತು ಅಮಾನತಿನ ಅವಧಿಯಲ್ಲಿ ಮಾಡಿದ ಕೆಲಸಕ್ಕೆ ಹಣ ವಸೂಲು ಮಾಡುವ ಹಕ್ಕೂ ಹೋಗಬಹುದು. ಎಲ್ಲ ದಿನಾಂಕಗಳನ್ನು ಒಬ್ಬರ ಮೇಜಿನ ಮೇಲೆ, ಒಂದೇ ಹಾಳೆಯಲ್ಲಿ ಇಡಿ.

ಬೇರೆ ರಾಜ್ಯದಲ್ಲಿ ಕೆಲಸ ಸಿಕ್ಕಾಗ ಹೆಚ್ಚಿನವರು ಇರುವ ಪರವಾನಗಿ ಅಲ್ಲಿಯೂ ನಡೆಯುತ್ತದೆಯೇ ಎಂದು ಕೇಳುತ್ತಾರೆ. ಬಹುತೇಕ ಕಡೆ ನಡೆಯುವುದಿಲ್ಲ, ಹೊಸದಾಗಿ ಅರ್ಜಿ ಹಾಕಬೇಕು. ಜೊತೆಗೆ ಬರುವುದು ಹೊಣೆಗಾರ ವ್ಯಕ್ತಿಯ ನೈಸೆಟ್ ಹಂತ ಮತ್ತು ದೃಢೀಕರಿಸಿದ ಅನುಭವ ಪತ್ರಗಳು ಮಾತ್ರ. ಟೆಂಡರಿಗೆ ದರ ಕೊಡುವುದಕ್ಕೇ ಪರವಾನಗಿ ಇರಬೇಕೆನ್ನುವ ರಾಜ್ಯಗಳೂ ಇರುವುದರಿಂದ, ಕೆಲಸ ಸಿಕ್ಕ ಮೇಲೆ ವಿಚಾರಿಸಿದರಾಯಿತು ಎಂದುಕೊಳ್ಳದೆ ದರಪತ್ರ ಬರೆಯುವ ಮೊದಲೇ ಆ ರಾಜ್ಯದ ಪ್ರಾಧಿಕಾರಕ್ಕೆ ಲಿಖಿತವಾಗಿ ಕೇಳಿ, ಬಂದ ಉತ್ತರವನ್ನು ದರಪತ್ರದ ಕಡತದಲ್ಲಿಯೇ ಇಟ್ಟುಕೊಳ್ಳಿ.